ಮೆಲ್ಲನೆ ನಡೆಸುವ ವಿದ್ಯೆ

ಪ್ರತಿ ವರ್ಷವೂ ನಮ್ಮ ಕಾಲೇಜಿನ ಕ್ರೀಡಾದಿನದಂದು ಓಟ, ಜಿಗಿತ, ಗುಂಡೆಸೆತಗಳೆಲ್ಲ ಮುಗಿದ ಮೇಲೆ ಕಡೆಯಲ್ಲಿ ಒಂದು ಸ್ಪರ್ಧೆ ನಡೆಯುತ್ತದೆ. ಅದೇ ನಿಧಾನ ಸೈಕಲ್ ಸ್ಪರ್ಧೆ. ಇದರ ನಿಯಮ ಲೋಕದ ನಿಯಮಕ್ಕೆ ತೀರ ವಿರುದ್ಧ. ಮೊದಲು ಗುರಿ ಮುಟ್ಟಿದವನು ಸೋತಂತೆ. ಎಲ್ಲರಿಗಿಂತ ಹಿಂದೆ ಉಳಿದವನಿಗೆ ಬಹುಮಾನ. ಕಾಲು ನೆಲಕ್ಕೆ ತಗುಲಿದರೆ ಆಟದಿಂದ ಹೊರಕ್ಕೆ. ನೋಡುವವರಿಗೆ ನಗು, ಸೀಟಿನ ಮೇಲೆ ಕುಳಿತವನಿಗೆ ಬೆವರು. ನೂರು ಮೀಟರನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಬಲ್ಲ ಹುಡುಗರು ಇಲ್ಲಿ ಹತ್ತು ಮೀಟರು ಹೋಗುವ ಮುನ್ನವೇ ಕಾಲೂರುತ್ತಾರೆ. ವೇಗವಾಗಿ ಹೋಗುವುದು ಸುಲಭ, ಮೆಲ್ಲನೆ ಹೋಗುವುದು ಕಷ್ಟ ಎಂಬ ಈ ಸೋಜಿಗವೇ ನನ್ನ ಲೇಖನದ ವಿಷಯ. ಸೈಕಲ್ಲಿನಲ್ಲಿ ಇದು ಆಟ. ಮುನ್ನೂರು, ನಾನೂರು ಕಿಲೋಗ್ರಾಂ ತೂಗುವ ಪ್ರವಾಸೀ ಮೋಟಾರ್ ಸೈಕಲ್ಲುಗಳಲ್ಲಿ ಇದೇ ಒಂದು ಶಾಸ್ತ್ರ.

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವನಿಗೆ ಯಂತ್ರಗಳ ಗೊಡವೆ ಏಕೆಂದು ಗುರುಗಳೂ ಗೆಳೆಯರೂ ಕೇಳಿಯಾರು. ಕೇಳುವುದು ನ್ಯಾಯವೇ. ನನ್ನ ಅಧಿಕಾರ ಇಷ್ಟೇ: ಎರಡು ವರ್ಷದಿಂದ ನಾನು ಬೆಳಗಿನ ಐದು ಗಂಟೆಗೆ ಎದ್ದು, ತಂದೆಯವರ ಹಳೆಯ ನೂರು ಸಿ.ಸಿ. ಗಾಡಿಗೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು, ಹೆದ್ದಾರಿಯ ಬದಿಯ ಒಂದು ಹೋಟೆಲಿಗೂ ಪೇಟೆಯ ನಾಲ್ಕಾರು ಚಹದಂಗಡಿಗಳಿಗೂ ಹಾಲು ಹಾಕಿ ಆಮೇಲೆ ತರಗತಿಗೆ ಬರುವವನು. ಭಾನುವಾರದ ಮುಂಜಾವಿನಲ್ಲಿ ಬೆಂಗಳೂರಿನ ಕಡೆಯಿಂದ ದೊಡ್ಡ ಮೋಟಾರ್ ಸೈಕಲ್ಲುಗಳ ತಂಡಗಳು ಇಡ್ಲಿ ದೋಸೆಗೆಂದು ಅದೇ ಹೋಟೆಲಿಗೆ ಬರುತ್ತವೆ. ಆ ಗಾಡಿಗಳನ್ನು ನಾನು ನೋಡಿದ್ದೇನೆ, ಮುಟ್ಟಿದ್ದೇನೆ, ತಳ್ಳಿದ್ದೇನೆ, ಒಮ್ಮೆ ಎತ್ತಿಯೂ ಇದ್ದೇನೆ, ಓಡಿಸಿದವನಲ್ಲ. ಆದುದರಿಂದ ಮುಂದೆ ಹೇಳುವುದು ಅವುಗಳ ರಚನೆಯಿಂದಲೂ ಅಳತೆಗಳಿಂದಲೂ ತಿಳಿದುಬರುವ ಸಂಗತಿಗಳೇ ಹೊರತು ಸವಾರನ ಜಂಬವಲ್ಲ.

ಎತ್ತಿದ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ಭಾನುವಾರ ಹಿರಿಯ ಸವಾರರೊಬ್ಬರು ಹೆದ್ದಾರಿಯಿಂದ ಇಳಿದು ಹೋಟೆಲಿನ ಅಂಗಳಕ್ಕೆ ಬಂದರು. ನೆರಳಿನಲ್ಲಿ ನಿಲ್ಲಿಸುವ ಉದ್ದೇಶದಿಂದ ಜಲ್ಲಿಯ ಮೇಲೆ ಗಾಡಿಯನ್ನು ಅರ್ಧ ಸುತ್ತು ತಿರುಗಿಸತೊಡಗಿದರು. ನಡೆಯುವ ಮನುಷ್ಯನಷ್ಟು ವೇಗವೂ ಇರಲಿಲ್ಲ. ನಾಯಿಯೊಂದು ಅಡ್ಡ ಬಂತು. ಹ್ಯಾಂಡಲ್ ಎಡಕ್ಕೆ ತಿರುಗಿದ್ದಾಗಲೇ ಅವರು ಮುಂದಿನ ಬ್ರೇಕು ಹಿಡಿದರು. ಗಾಡಿ ಆನೆ ಮಂಡಿಯೂರುವಂತೆ ಮೆಲ್ಲಗೆ ಎಡಕ್ಕೆ ಮಲಗಿತು. ಅವರು ಕಾಲೂರಿ ತಡೆಯಲು ನೋಡಿದರು, ಆಗಲಿಲ್ಲ. ಗಾಯವೇನೂ ಆಗಲಿಲ್ಲ, ಮುಖ ಮಾತ್ರ ಕೆಂಪಾಯಿತು. ಅದನ್ನು ಎತ್ತಿ ನಿಲ್ಲಿಸಲು ನಾವು ನಾಲ್ವರು ಬೇಕಾದೆವು. ಗಾಡಿಯ ಹೆಸರು ಇಲ್ಲಿ ಅಗತ್ಯವಿಲ್ಲ, ಏಕೆಂದರೆ ತಪ್ಪು ಗಾಡಿಯದಾಗಿರಲಿಲ್ಲ. ಕೈಗವಸು ಕಳಚುತ್ತ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: “ನೂರು ಕಿಲೋಮೀಟರು ಬಂದದ್ದು ಗೊತ್ತಾಗಲಿಲ್ಲ ಕಣಯ್ಯ, ಈ ಹದಿನೈದು ಅಡಿ ಗೊತ್ತಾಯಿತು.”

ಹಾಗಾದರೆ ಹೆದ್ದಾರಿಯಲ್ಲಿ ತಾನಾಗಿಯೇ ನೆಟ್ಟಗೆ ಓಡುವ ಯಂತ್ರ ಅಂಗಳದಲ್ಲಿ ಏಕೆ ಬೀಳುತ್ತದೆ? ಒಂದೇ ಬಗೆಯ ಕೆಲಸಕ್ಕೆ ಹುಟ್ಟಿದ ಬೇರೆ ಬೇರೆ ಗಾಡಿಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ? ಇವೆರಡೇ ಪ್ರಶ್ನೆಗಳು.

ಮೊದಲು ನಿಂತ ಗಾಡಿಯನ್ನು ನೋಡೋಣ. ಎರಡೇ ಗಾಲಿಯ ಮೇಲೆ ನಿಂತ ಗಾಡಿ ತಲೆಕೆಳಗಾದ ಲೋಲಕದಂತೆ. ನೆಟ್ಟಗಿರುವಷ್ಟು ಹೊತ್ತು ಅದರ ಭಾರ ನೆಲದ ಪಾಲು. ಒಂದು ಕಡೆಗೆ ವಾಲಿದೊಡನೆ ಅದರಲ್ಲೊಂದು ಅಂಶ ಸವಾರನ ಪಾಲು. ಲೆಕ್ಕಕ್ಕಾಗಿ ಗಾಡಿಯ ತೂಕ ೩೮೦ ಕಿಲೋಗ್ರಾಂ, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರ, ಸವಾರ ಅದನ್ನು ತಡೆದು ಹಿಡಿಯುವುದು ಒಂದು ಮೀಟರು ಎತ್ತರದಲ್ಲಿ ಎಂದಿಟ್ಟುಕೊಳ್ಳೋಣ. ಗಾಡಿ ೫ ಡಿಗ್ರಿ ವಾಲಿದರೆ ಅವನು ತಡೆಯಬೇಕಾದ ಬಲ ಸುಮಾರು ೧೭ ಕಿಲೋಗ್ರಾಂ ಭಾರಕ್ಕೆ ಸಮ. ಇದು ಯಾರಿಗೂ ಸಾಧ್ಯ. ೧೫ ಡಿಗ್ರಿ ವಾಲಿದರೆ ಅದು ಸುಮಾರು ೪೯ ಆಗುತ್ತದೆ. ೩೦ ಡಿಗ್ರಿಗೆ ೯೫. ಒಂಟಿ ಕಾಲಿನ ಮೇಲೆ ನಿಂತು, ಪಕ್ಕಕ್ಕೆ ತಿರುಗಿ, ಅಕ್ಕಿಯ ಮೂಟೆಯಷ್ಟು ಭಾರವನ್ನು ತಡೆಯುವುದು ಜಟ್ಟಿಗೂ ಕಷ್ಟ. ಆದಕಾರಣ ದೊಡ್ಡ ಗಾಡಿ ಬೀಳುವುದು ‘ತೂಕಕ್ಕೆ’ ಅಲ್ಲ, ವಾಲಿಕೆ ಒಂದು ಗೆರೆಯನ್ನು ದಾಟಿದ್ದಕ್ಕೆ. ಆ ಗೆರೆಯ ಈಚೆಗೆ ನಿಂತ ಮಗುವಿನಂತಹ ಗಾಡಿ ಆಚೆಗೆ ಹೋದೊಡನೆ ಬಂಡೆಯಾಗುತ್ತದೆ. ಗುರುತ್ವಕೇಂದ್ರ ಇನ್ನೂ ಹತ್ತು ಸೆಂಟಿಮೀಟರು ಎತ್ತರದಲ್ಲಿದ್ದರೆ ೪೯ ಇದ್ದದ್ದು ೫೯ ಆಗುತ್ತದೆ. ಭಾರ ಎಷ್ಟು ಎನ್ನುವುದಕ್ಕಿಂತ ಭಾರ ಎಲ್ಲಿದೆ ಎನ್ನುವುದು ಹೆಚ್ಚಿನ ಪ್ರಶ್ನೆಯೆಂದು ಇದರಿಂದ ಗೊತ್ತಾಗುತ್ತದೆ.

ಆದರೆ ಇಲ್ಲೊಂದು ವಿಚಿತ್ರವಿದೆ. ಅಂಗೈಯ ಮೇಲೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಲಾಗುವುದಿಲ್ಲ. ಉದ್ದನೆಯ ಬಿದಿರುಕೋಲನ್ನು ನಿಲ್ಲಿಸಬಹುದು. ಎತ್ತರದ ವಸ್ತು ಮೆಲ್ಲಗೆ ಬೀಳುತ್ತದೆ; ನಮಗೆ ಕೈ ಸರಿಸಲು ಸಮಯ ಸಿಗುತ್ತದೆ. ಅಂದಮೇಲೆ ಭಾರ ಕೆಳಗಿದ್ದರೆ ಕಾಲೂರಿ ಹಿಡಿಯುವುದು ಸುಲಭ ಎಂಬುದು ನಿಜವಾದರೂ, ಓಡುತ್ತಿರುವ ಗಾಡಿಯಲ್ಲಿ ಭಾರ ತಗ್ಗಿನಲ್ಲಿದ್ದಷ್ಟೂ ಒಳ್ಳೆಯದೆಂದು ಹೇಳಿಬಿಡುವಂತಿಲ್ಲ. ನಿಲ್ಲುವುದರ ನ್ಯಾಯ ಬೇರೆ, ನಡೆಯುವುದರ ನ್ಯಾಯ ಬೇರೆ.

ಬಿದಿರುಕೋಲನ್ನು ಹೇಗೆ ನಿಲ್ಲಿಸುತ್ತೇವೆ? ಅದು ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಅಂಗೈಯನ್ನು ಸರಿಸುತ್ತೇವೆ. ಚಲಿಸುವ ಮೋಟಾರ್ ಸೈಕಲ್ಲು ನಿಲ್ಲುವುದೂ ಹೀಗೆಯೇ. ಗಾಡಿ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೆ ತಿರುಗಬೇಕು; ಆಗ ಗಾಲಿಗಳು ಭಾರದ ಅಡಿಗೆ ಓಡಿಬಂದು ಗಾಡಿಯನ್ನು ಎತ್ತಿ ನಿಲ್ಲಿಸುತ್ತವೆ. ಬೀಳುವ ಕಡೆಗೇ ತಿರುಗಬೇಕು: ಸಮತೋಲದ ಸೂತ್ರವೆಲ್ಲ ಈ ಮೂರು ಮಾತಿನಲ್ಲಿದೆ. ಹೊಸಬರು ಹೆದರಿ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ, ಬೀಳುತ್ತಾರೆ.

ಈಗ ವೇಗದ ಮಾತು. ಹ್ಯಾಂಡಲನ್ನು ತಿರುಗಿಸಿದಾಗ ಸಿಗುವ ಎತ್ತುವ ಬಲ, ಸ್ಥೂಲವಾಗಿ, ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ಅರ್ಧವಾದರೆ ಅದೇ ಬಲಕ್ಕೆ ಹ್ಯಾಂಡಲನ್ನು ನಾಲ್ಕು ಪಟ್ಟು ತಿರುಗಿಸಬೇಕು. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಒಂದು ಡಿಗ್ರಿ ಸಾಕಾಗುವ ಕಡೆ ೧೦ ಕಿಲೋಮೀಟರಿನಲ್ಲಿ ೧೬ ಡಿಗ್ರಿ ಬೇಕು. ಐದಕ್ಕೆ ಇಳಿದರೆ ಲೆಕ್ಕದಂತೆ ೬೪ ಡಿಗ್ರಿ. ಅಷ್ಟು ತಿರುಗುವ ಹ್ಯಾಂಡಲ್ ಈ ಜಾತಿಯ ಗಾಡಿಗಳಲ್ಲಿ ಇರುವುದಿಲ್ಲ. ಹೆದ್ದಾರಿಯಲ್ಲಿ ಸವಾರನಿಗೆ ತಿಳಿಯದ ಹಾಗೆ ನಡೆಯುತ್ತಿದ್ದ ತಿದ್ದುಪಡಿ ಅಂಗಳದಲ್ಲಿ ತೋಳುಗಳ ದುಡಿಮೆಯಾಗುತ್ತದೆ. ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಹ್ಯಾಂಡಲ್ ಹಾವಿನಂತೆ ಹೊರಳಾಡುವುದರ ಕಾರಣವೂ ಇದೇ.

ತಿರುಗುವ ಗಾಲಿ ಬುಗುರಿಯಂತೆ ತಾನೇ ನೆಟ್ಟಗೆ ನಿಲ್ಲುತ್ತದೆ, ಆದ್ದರಿಂದ ಸೈಕಲ್ಲು ಬೀಳುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬುಗುರಿಯ ಗುಣ ಗಾಲಿಗೆ ಇರುವುದು ನಿಜ. ಆದರೆ ಸಮತೋಲದ ಮೂಲ ಅದಲ್ಲ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ತನ್ನ ಸೈಕಲ್ಲಿನ ಮುಂದಿನ ಗಾಲಿಯ ಪಕ್ಕದಲ್ಲಿ ನೆಲಕ್ಕೆ ತಾಗದ ಇನ್ನೊಂದು ಗಾಲಿಯನ್ನು ಕಟ್ಟಿ ಅದನ್ನು ಹಿಮ್ಮುಖವಾಗಿ ತಿರುಗಿಸಿ, ಬುಗುರಿಯ ಗುಣ ರದ್ದಾದರೂ ಸವಾರಿ ಸಾಧ್ಯವೆಂದು ೧೯೭೦ರಲ್ಲಿ ಪ್ರಕಟಿಸಿದನು. ೨೦೧೧ರಲ್ಲಿ ಹಾಲೆಂಡಿನ ಡೆಲ್ಫ್ಟ್, ಅಮೆರಿಕದ ಕಾರ್ನೆಲ್ ಮುಂತಾದ ವಿಶ್ವವಿದ್ಯಾಲಯಗಳ ವಿದ್ವಾಂಸರು ಮತ್ತೊಂದು ಹೆಜ್ಜೆ ಹೋಗಿ, ಅಂತಹ ಯಾವ ಸಹಾಯವೂ ಇಲ್ಲದೆ, ಸವಾರನೂ ಇಲ್ಲದೆ, ತಳ್ಳಿಬಿಟ್ಟರೆ ತಾನಾಗಿ ನೆಟ್ಟಗೆ ಹೋಗುವ ಒಂದು ಪುಟ್ಟ ಯಂತ್ರವನ್ನು ಮಾಡಿ ತೋರಿಸಿದರು. ಭಾರವನ್ನು ತಕ್ಕ ಜಾಗದಲ್ಲಿ ಇರಿಸಿದ್ದರಿಂದ ಅದು ಬೀಳುವ ಕಡೆಗೆ ತಾನೇ ತಿರುಗುತ್ತಿತ್ತು. ಮತ್ತೆ ಅದೇ ಸೂತ್ರ.

ಗಾಡಿಗಳನ್ನು ಹೋಲಿಸುವ ಮುನ್ನ ಇನ್ನೊಂದು ಶಬ್ದದ ಪರಿಚಯ ಬೇಕು. ಅದು ‘ಟ್ರೇಲ್’. ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿ ತನ್ನ ಕೀಲಿಗಿಂತ ಹಿಂದೆ ಉಳಿದು, ಎಳೆದ ಕಡೆಗೆ ತಾನೇ ಹೊರಳಿಕೊಳ್ಳುವುದನ್ನು ನೋಡಿದ್ದೇವೆ. ಮೋಟಾರ್ ಸೈಕಲ್ಲಿನ ಚುಕ್ಕಾಣಿಯ ದಂಡವೂ ಹಿಂದಕ್ಕೆ ವಾಲಿರುತ್ತದೆ. ಅದರ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ನೆಲವನ್ನು ಸೇರುತ್ತದೆ. ಈ ಎರಡರ ನಡುವಣ ದೂರವೇ ಟ್ರೇಲ್. ಇದು ಹೆಚ್ಚಿದಷ್ಟೂ ಹೆದ್ದಾರಿಯಲ್ಲಿ ಗಾಡಿ ನೇರವಾಗಿ ಓಡುತ್ತದೆ. ಆದರೆ ಟ್ರೇಲ್ ಹೆಚ್ಚಾಗಿ ದಂಡವೂ ಹೆಚ್ಚು ಮಲಗಿದ್ದರೆ, ನಿಧಾನದಲ್ಲಿ ಹ್ಯಾಂಡಲ್ ತಿರುಗಿಸಿದಾಗ ಗಾಡಿಯ ಮೂತಿ ತುಸು ಕೆಳಕ್ಕಿಳಿದು, ಹ್ಯಾಂಡಲ್ ತಾನಾಗಿಯೇ ಇನ್ನಷ್ಟು ಒಳಕ್ಕೆ ಬೀಳಲು ಹವಣಿಸುತ್ತದೆ. ದೂರ ಹೋಗುವ ಗಾಡಿಗೆ ಬೇಕಾದ ಗುಣವೇ ಅಂಗಳದಲ್ಲಿ ಅದಕ್ಕೆ ದೋಷ. ಪ್ರವಾಸೀ ಗಾಡಿಯನ್ನು ರಚಿಸುವವರ ಇಕ್ಕಟ್ಟೆಲ್ಲ ಇಲ್ಲಿದೆ.

ಈ ಇಕ್ಕಟ್ಟಿಗೆ ಮೂರು ದೇಶಗಳು ಮೂರು ಬಗೆಯ ಉತ್ತರ ಕೊಟ್ಟಿವೆ. ಮೊದಲನೆಯದು ಜಪಾನಿನ ಹೋಂಡಾ ಕಂಪನಿಯ ಗೋಲ್ಡ್ ವಿಂಗ್. ೧೯೭೫ರಲ್ಲಿ ಬಂದ ಮೊದಲ ಮಾದರಿಗೆ ೯೯೯ ಸಿ.ಸಿ.ಯ ನಾಲ್ಕು ಸಿಲಿಂಡರುಗಳಿದ್ದವು. ಅವನ್ನು ನೆಟ್ಟಗೆ ನಿಲ್ಲಿಸದೆ ಎರಡು ಬದಿಗೂ ಮಲಗಿಸಲಾಗಿತ್ತು. ಪೆಟ್ರೋಲಿನ ಟ್ಯಾಂಕನ್ನೂ ಸವಾರನ ತೊಡೆಗಳ ನಡುವೆ ಇಡದೆ ಸೀಟಿನ ಅಡಿಗೆ ಇಳಿಸಿದರು. ತುಂಬಿದ ಟ್ಯಾಂಕು ಮೇಲಿದ್ದರೆ ಅದೊಂದು ಕೊಡ ಹೊತ್ತಂತೆ. ಕೆಳಗಿದ್ದರೆ ಹೊತ್ತದ್ದೇ ತಿಳಿಯದು. ಹೀಗೆ ಉದ್ದುದ್ದ ಕೂತ ಎಂಜಿನ್ನು ಒಂದು ದಿಕ್ಕಿಗೆ ತಿರುಗುವಾಗ ಗಾಡಿಯ ಮೈ ವಿರುದ್ಧ ದಿಕ್ಕಿಗೆ ತುಸು ವಾಲುವುದುಂಟು. ಅದನ್ನು ಸರಿದೂಗಿಸಲು ವಿದ್ಯುತ್ತು ತಯಾರಿಸುವ ಆಲ್ಟರ್ನೇಟರನ್ನು ಹಿಮ್ಮುಖವಾಗಿ ತಿರುಗಿಸಿದ್ದು ಇನ್ನೊಂದು ಜಾಣತನ. ೧೯೮೮ರ ಹೊತ್ತಿಗೆ ಅದು ಆರು ಸಿಲಿಂಡರಿನ ೧೫೨೦ ಸಿ.ಸಿ. ಗಾಡಿಯಾಗಿ ಬೆಳೆಯಿತು. ಆಗ ಅದಕ್ಕೆ ಹಿಮ್ಮುಖ ಚಲನೆಯನ್ನೂ ಒದಗಿಸಿದರು. ಎಂಜಿನ್ನನ್ನು ಎಬ್ಬಿಸುವ ವಿದ್ಯುತ್ ಮೋಟಾರೇ ಗಾಡಿಯನ್ನು ಹಿಂದಕ್ಕೆ ತಳ್ಳುವ ವ್ಯವಸ್ಥೆ ಅದು. ೨೦೧೮ರ ೧೮೩೩ ಸಿ.ಸಿ. ಮಾದರಿಯಲ್ಲಿ ಕ್ಲಚ್ಚನ್ನು ಯಂತ್ರವೇ ನಿರ್ವಹಿಸುವ ಬಗೆಯೊಂದು ಬಂದು, ಅದರಲ್ಲಿ ಗಾಡಿ ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ತೆವಳಬಲ್ಲದು. ಅದರ ಪ್ರವಾಸೀ ರೂಪದ ತೂಕ ಸುಮಾರು ೩೮೦ ಕಿಲೋಗ್ರಾಂ, ಸೀಟಿನ ಎತ್ತರ ೭೪೫ ಮಿಲಿಮೀಟರು, ಗಾಲಿಗಳ ನಡುವಣ ಅಂತರ ೧೬೯೫, ಟ್ರೇಲ್ ೧೦೯. ಹೋಂಡಾದವರ ಉತ್ತರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ: ಭಾರವನ್ನು ಕೆಳಗಿಳಿಸು, ತೋಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸು.

ಎರಡನೆಯದು ಅಮೆರಿಕದ ಹಾರ್ಲೆ-ಡೇವಿಡ್‌ಸನ್. ಇದರ ಎರಡು ಸಿಲಿಂಡರುಗಳು ೪೫ ಡಿಗ್ರಿಯ ಕೋನದಲ್ಲಿ ಮೇಲಕ್ಕೆ ಚಾಚಿರುವುದರಿಂದ ಎಂಜಿನ್ನು ಎತ್ತರವಾದದ್ದು. ಅದಕ್ಕೆ ಪ್ರತಿಯಾಗಿ ಸವಾರನನ್ನೇ ತಗ್ಗಿನಲ್ಲಿ ಕೂರಿಸಿದ್ದಾರೆ. ಅವರ ಪ್ರವಾಸೀ ಗಾಡಿಗಳ ಸೀಟಿನ ಎತ್ತರ ಸುಮಾರು ೭೨೦ ಮಿಲಿಮೀಟರಿನ ಆಸುಪಾಸು. ಕುಳ್ಳಗಿರುವವನಿಗೂ ಎರಡು ಪಾದವೂ ನೆಲಕ್ಕೆ ಊರುತ್ತವೆ. ಇವರ ದೊಡ್ಡ ವಿಶೇಷ ಚುಕ್ಕಾಣಿಯಲ್ಲಿದೆ. ಸಾಮಾನ್ಯವಾಗಿ ಮುಂದಿನ ಗಾಲಿಯನ್ನು ಹಿಡಿದ ಫೋರ್ಕಿನ ಕಾಲುಗಳು ಚುಕ್ಕಾಣಿಯ ದಂಡದ ಮುಂದೆ ಇರುತ್ತವೆ. ಹಾರ್ಲೆಯ ಪ್ರವಾಸೀ ಗಾಡಿಗಳಲ್ಲಿ ದಂಡದ ಹಿಂದೆ ಇವೆ. ಇದರಿಂದ ದಂಡವನ್ನು ೨೬ ಡಿಗ್ರಿಗಿಂತ ಹೆಚ್ಚು ಮಲಗಿಸದೆಯೇ ಸುಮಾರು ೧೭೦ ಮಿಲಿಮೀಟರಿನ ಟ್ರೇಲ್ ದೊರಕಿತು. ಹೆದ್ದಾರಿಯ ನೇರಗತಿಯನ್ನು ಉಳಿಸಿಕೊಂಡು ಅಂಗಳದ ತೊಂದರೆಯನ್ನು ತಗ್ಗಿಸುವ ಉಪಾಯವಿದು. ಇದೇ ಕಂಪನಿಯ ಎರಡು ಗಾಡಿಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. ಬಾವಲಿಯ ರೆಕ್ಕೆಯಂತಹ ಗಾಳಿತಡೆಯನ್ನು ೧೯೬೯ರಲ್ಲಿ ಎಲೆಕ್ಟ್ರಾ ಗ್ಲೈಡಿಗೆ ಕೊಟ್ಟರು. ಅದು ಫೋರ್ಕಿಗೆ ಅಂಟಿಕೊಂಡು ಹ್ಯಾಂಡಲಿನೊಡನೆ ತಿರುಗುತ್ತದೆ. ಇಂದಿನ ಸ್ಟ್ರೀಟ್ ಗ್ಲೈಡಿನಲ್ಲಿಯೂ ಹಾಗೆಯೇ. ೧೯೯೮ರಲ್ಲಿ ಬಂದ ರೋಡ್ ಗ್ಲೈಡಿನಲ್ಲಿ ಗಾಳಿತಡೆಯನ್ನು ಗಾಡಿಯ ಚೌಕಟ್ಟಿಗೆ ಬಿಗಿದಿದ್ದಾರೆ. ಹ್ಯಾಂಡಲ್ ತಿರುಗಿದರೂ ಅದು ಕದಲುವುದಿಲ್ಲ. ೨೦೨೪ರ ಮಾದರಿಗಳಲ್ಲಿ ಸ್ಟ್ರೀಟ್ ಗ್ಲೈಡಿನ ತೂಕ ೩೬೮ ಕಿಲೋಗ್ರಾಂ, ರೋಡ್ ಗ್ಲೈಡಿನದು ೩೮೦. ತಕ್ಕಡಿಯಲ್ಲಿ ಎರಡನೆಯದೇ ಭಾರ. ಆದರೆ ಅಂಗಳದಲ್ಲಿ ಹ್ಯಾಂಡಲನ್ನು ಅತ್ತಿತ್ತ ಹೊರಳಿಸುವವನ ತೋಳಿಗೆ ಅದರ ಗಾಳಿತಡೆಯ ಭಾರ ಬೀಳುವುದಿಲ್ಲ. ಪ್ರತಿಯಾಗಿ ಅದರ ಅಗಲವಾದ ಮೂತಿ ಎದುರಿಗೇ ಸ್ಥಿರವಾಗಿ ನಿಂತು, ಗಾಲಿ ಎತ್ತ ತಿರುಗಿದೆಯೆಂದು ಕಣ್ಣಿಗೆ ಸುಳಿವು ಕೊಡುವುದಿಲ್ಲ.

ಮೂರನೆಯದು ಜರ್ಮನಿಯ ಬಿ.ಎಂ.ಡಬ್ಲ್ಯು. ೧೯೨೩ರ ತಮ್ಮ ಮೊದಲ ಮೋಟಾರ್ ಸೈಕಲ್ಲಿನಿಂದಲೂ ಇವರು ಎರಡು ಸಿಲಿಂಡರುಗಳನ್ನು ಎರಡು ಪಕ್ಕಕ್ಕೂ ಕಾವಡಿಯಂತೆ ಚಾಚಿದವರು. ಅದಕ್ಕೆ ‘ಬಾಕ್ಸರ್’ ಎಂದು ಹೆಸರು. ೨೦೧೯ರ ಆರ್ ೧೨೫೦ ಆರ್.ಟಿ. ಎಂಬ ಪ್ರವಾಸೀ ಗಾಡಿಯ ತೂಕ ೨೭೯ ಕಿಲೋಗ್ರಾಂ, ಗಾಲಿಗಳ ನಡುವಣ ಅಂತರ ೧೪೮೫ ಮಿಲಿಮೀಟರು. ಮೇಲಿನ ಎರಡಕ್ಕಿಂತಲೂ ನೂರು ಕಿಲೋಗ್ರಾಮಿನಷ್ಟು ಹಗುರ, ಗಿಡ್ಡ. ಹ್ಯಾಂಡಲನ್ನು ಒಂದೇ ಕೋನದಲ್ಲಿ ತಿರುಗಿಸಿದರೂ ಗಿಡ್ಡನೆಯ ಗಾಡಿ ಸಣ್ಣ ಸುತ್ತಿನಲ್ಲಿ ತಿರುಗುತ್ತದೆ. ಅದರ ಮುಂಭಾಗದ ವಿಶೇಷ ರಚನೆಯಿಂದಾಗಿ ಬ್ರೇಕು ಹಿಡಿದಾಗ ಮೂತಿ ಕುಸಿಯುವುದೂ ಕಡಿಮೆ. ಆದರೆ ಸೀಟು ೮೦೫ ಅಥವಾ ೮೨೫ ಮಿಲಿಮೀಟರು ಎತ್ತರ. ಕಾಲು ಗಿಡ್ಡವಾದವನಿಗೆ ನೂರು ಕಿಲೋಗ್ರಾಮಿನ ಲಾಭವೆಲ್ಲ ಹೆಬ್ಬೆರಳ ತುದಿಯಲ್ಲಿ ಕಳೆದುಹೋಗಬಹುದು. ಇದೇ ಕಂಪನಿ ೨೦೧೧ರಲ್ಲಿ ಕೆ ೧೬೦೦ ಎಂಬ ಆರು ಸಿಲಿಂಡರಿನ ಗಾಡಿಯನ್ನೂ ತಂದಿತು. ಸಾಲಾಗಿ ನಿಂತ ಸಿಲಿಂಡರುಗಳನ್ನು ೫೫ ಡಿಗ್ರಿ ಮುಂದಕ್ಕೆ ಬಾಗಿಸಿ ಭಾರವನ್ನು ತಗ್ಗಿಸಿದರು.

ಹಾಗಾದರೆ ಮೂರರಲ್ಲಿ ಯಾವುದು ಮೇಲು? ಪ್ರಶ್ನೆಯನ್ನು ಒಡೆದು ಕೇಳಬೇಕು. ನಿಂತಾಗ ಕಾಲೂರಿ ಹಿಡಿಯುವುದರಲ್ಲಿ, ಅದೂ ಎತ್ತರ ಕಡಿಮೆಯಿರುವವನಿಗೆ, ಹಾರ್ಲೆಯ ತಗ್ಗಾದ ಸೀಟು ಅನುಕೂಲ. ಇಕ್ಕಟ್ಟಿನಲ್ಲಿ ಸುತ್ತು ತಿರುಗುವುದರಲ್ಲಿ ಹಗುರವೂ ಗಿಡ್ಡವೂ ಆದ ಆರ್.ಟಿ. ಮುಂದು. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ತೆಗೆಯುವುದರಲ್ಲಿ ಗೋಲ್ಡ್ ವಿಂಗಿಗೆ ಸಮವಿಲ್ಲ. ತಕ್ಕಡಿಯ ಮುಳ್ಳು ಹೇಳುವ ಒಂದೇ ಅಂಕಿಯನ್ನು ನೋಡಿ ಗಾಡಿಯ ಸ್ವಭಾವವನ್ನು ನಿರ್ಣಯಿಸುವುದು, ಪರೀಕ್ಷೆಯ ಒಂದೇ ಅಂಕಿಯನ್ನು ನೋಡಿ ವಿದ್ಯಾರ್ಥಿಯನ್ನು ನಿರ್ಣಯಿಸಿದ ಹಾಗೆ.

ಆದರೆ ಮೂರು ಗಾಡಿಗಳಿಗೂ ಸಮಾನವಾದದ್ದೊಂದಿದೆ. ಅದು ಸವಾರನ ಕೈಚಳಕ. ಮೆಲ್ಲನೆ ನಡೆಸುವ ವಿದ್ಯೆಗೆ ಮೂರು ಅಂಗಗಳು. ಒಂದು, ಕ್ಲಚ್ಚನ್ನು ಪೂರ್ತಿ ಬಿಡದೆ ಪೂರ್ತಿ ಹಿಡಿಯದೆ ನಡುವೆ ಜಾರಿಸುತ್ತ ಎಂಜಿನ್ನಿನ ಎಳೆತವನ್ನು ಒಂದೇ ಸಮನೆ ಇಟ್ಟುಕೊಳ್ಳುವುದು. ಎರಡು, ವೇಗವನ್ನು ಹಿಂದಿನ ಬ್ರೇಕಿನಿಂದ ಮಾತ್ರ ತಗ್ಗಿಸುವುದು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಮುಟ್ಟಿದರೆ ಆ ಹಿರಿಯರಿಗೆ ಆದದ್ದೇ ಆಗುತ್ತದೆ. ಮೂರು, ಕಣ್ಣನ್ನು ಗಾಲಿಯ ಮುಂದಿನ ನೆಲಕ್ಕೆ ನೆಡದೆ ಹೋಗಬೇಕಾದ ಕಡೆಗೆ ತಿರುಗಿಸುವುದು. ಸುತ್ತು ತೀರ ಬಿಗಿಯಾಗಿದ್ದರೆ ಗಾಡಿಯನ್ನು ಒಳಕ್ಕೆ ಬಾಗಿಸಿ, ಮೈಯನ್ನು ಹೊರಕ್ಕೆ ಇಟ್ಟು ಸರಿದೂಗಿಸಬೇಕು. ಅಮೆರಿಕದ ಪೊಲೀಸರು ಭಾರವಾದ ಹಾರ್ಲೆಗಳನ್ನು ಸಾಲಾಗಿಟ್ಟ ಶಂಕುಗಳ ನಡುವೆ ನೀರಿನಂತೆ ಹರಿಸುವುದು ತೋಳ್ಬಲದಿಂದಲ್ಲ, ಈ ಅಭ್ಯಾಸದಿಂದ.

ಜಪಾನಿನಲ್ಲಿ ದೊಡ್ಡ ಮೋಟಾರ್ ಸೈಕಲ್ಲಿನ ಪರವಾನಗಿ ಬ���ಕಾದವನು ಒಂದು ಹಲಗೆಯಂತಹ ದಾರಿಯನ್ನು ದಾಟಬೇಕು. ಅದರ ಉದ್ದ ೧೫ ಮೀಟರು, ಅಗಲ ೩೦ ಸೆಂಟಿಮೀಟರು, ಎತ್ತರ ೫ ಸೆಂಟಿಮೀಟರು. ಬೇಗ ದಾಟಿದರೆ ಅಂಕ ಕಳೆಯುತ್ತಾರೆ. ಹತ್ತು ಸೆಕೆಂಡಾದರೂ ಅದರ ಮೇಲೆ ಕಳೆಯಬೇಕು. ಬ್ರಿಟನ್ನಿನಲ್ಲಿ ೨೦೦೯ರಿಂದ ಇರುವ ಪರೀಕ್ಷೆಯ ಮೊದಲ ಭಾಗದಲ್ಲಿಯೂ ನಿಧಾನ ಸವಾರಿ, ಎಂಟರ ಆಕಾರ, ಅರ್ಧ ಸುತ್ತು ಸೇರಿವೆ. ನಮ್ಮಲ್ಲಿ ಪರವಾನಗಿಗೆಂದು ಹಾಕುವ ‘ಎಂಟು’ ಇದೇ ಕುಲದ್ದು. ನಾವದನ್ನು ಒಂದು ಶಾಸ್ತ್ರಕ್ಕೆಂದು ತಿಳಿದು ಹಾಕಿ ಮರೆತುಬಿಡುತ್ತೇವೆ. ನಿಜಕ್ಕೂ ಅದು ಕಾಲೂರದೆ, ಬೀಳುವ ಕಡೆಗೇ ತಿರುಗುತ್ತ, ಕ್ಲಚ್ಚನ್ನೂ ಹಿಂದಿನ ಬ್ರೇಕನ್ನೂ ಜೊತೆಗೂಡಿಸುವ ಪಾಠದ ಮೊದಲ ಪುಟ. ೨೦೧೭ರ ಜನವರಿಯಲ್ಲಿ ಹೋಂಡಾ ಕಂಪನಿ ಸವಾರನಿಲ್ಲದೆ ನಿಂತಲ್ಲೇ ನಿಲ್ಲುವ ಒಂದು ಪ್ರಯೋಗದ ಗಾಡಿಯನ್ನು ತೋರಿಸಿತು. ಅದರಲ್ಲಿ ಬುಗುರಿಯಂತಹ ಚಕ್ರಗಳೇನೂ ಇರಲಿಲ್ಲ. ಫೋರ್ಕಿನ ಕೋನವನ್ನು ಬದಲಿಸಿಕೊಂಡು ಹ್ಯಾಂಡಲನ್ನು ಚಿಕ್ಕ ಚಿಕ್ಕದಾಗಿ ಅತ್ತಿತ್ತ ತಿರುಗಿಸುತ್ತ ಅದು ನಿಂತಿತ್ತು. ನಮ್ಮ ನಿಧಾನ ಸೈಕಲ್ ಸ್ಪರ್ಧೆಯ ಹುಡುಗ ಮಾಡುವುದನ್ನೇ ಅದೂ ಮಾಡುತ್ತಿತ್ತು.

ಇಷ್ಟನ್ನೂ ನಾನು ಓದಿ ತಿಳಿದದ್ದು ಕುತೂಹಲಕ್ಕಲ್ಲ. ನಾನು ಮೊದಲನೆಯ ಬಿ.ಎ. ಮುಗಿಸಿದ ವರ್ಷ ನಮ್ಮ ತಂದೆಯವರು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಹೆದ್ದಾರಿಯಲ್ಲಲ್ಲ, ಲಾರಿ ತಾಗಿ ಅಲ್ಲ. ನಮ್ಮ ಮನೆಯ ಮುಂದಿನ ಚರಂಡಿಯ ಚಪ್ಪಡಿಯ ಮೇಲೆ ಓಣಿಗೆ ತಿರುಗುವಾಗ. ನೂರಹತ್ತು ಕಿಲೋಗ್ರಾಮಿನ ಗಾಡಿ. ಅದರ ಎರಡು ಪಕ್ಕಕ್ಕೂ ನಲವತ್ತು ನಲವತ್ತು ಲೀಟರಿನ ಕ್ಯಾನು. ಹಾಲೂ ಕ್ಯಾನೂ ಸೇರಿ ಹೆಚ್ಚು ಕಡಮೆ ಗಾಡಿಯ ತೂಕದಷ್ಟೇ ಹೊರೆ. ಸಾಲದ್ದಕ್ಕೆ ಹಿಂದಿನ ಸೀಟಿನ ಮೇಲೆ ಅರ್ಧ ತುಂಬಿದ ಇನ್ನೊಂದು ಕ್ಯಾನು. ಮೂರು ತಿಂಗಳು ಅವರು ಮಂಚ ಬಿಟ್ಟು ಏಳಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆಗ ಇಳಿದುಬಿಡುವುದೆಂದು ನಿಶ್ಚಯಿಸಿಯೂ ಇದ್ದೆ. ಮೊದಲ ಗಂಟೆಗೆ ತಡವಾಗಿ ಬಂದರೂ ಬಾಗಿಲಲ್ಲಿ ನಿಲ್ಲಿಸದ ನಮ್ಮ ಅಧ್ಯಾಪಕರ ದಯೆಯಿಂದ ಹಾಲೂ ನಿಲ್ಲಲಿಲ್ಲ, ಓದೂ ನಿಲ್ಲಲಿಲ್ಲ.

ಹೋಟೆಲಿನ ಅಂಗಳದಲ್ಲಿ ಆ ದೊಡ್ಡ ಗಾಡಿ ಬಿದ್ದ ದಿನ ನನಗೆ ಚಪ್ಪಡಿಯ ಮೇಲಿನ ತಂದೆಯವರು ಕಂಡರು. ತಿರುಗಿದ ಹ್ಯಾಂಡಲು, ಮುಂದಿನ ಬ್ರೇಕು, ನಡಿಗೆಯ ವೇಗ: ಎರಡೂ ಒಂದೇ. ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ನಮ್ಮ ಹಾಲಿನ ಗಾಡಿಗೂ ಬೇರೆ ನಿಯಮವಿಲ್ಲವೆಂದು ಅಂದು ಮನವರಿಕೆಯಾಯಿತು. ಕಾಲೇಜಿನ ಮೈದಾನದ ಮೂಲೆಯಲ್ಲಿ ಗೆಳೆಯರೊಡನೆ ಸುಣ್ಣದಿಂದ ಹದಿನೈದು ಮೀಟರಿನ ಗೆರೆಗಳನ್ನೆಳೆದು, ಕ್ಯಾನುಗಳಿಗೆ ನೀರು ತುಂಬಿ, ನಾನು ಆ ಜಪಾನೀ ಪರೀಕ್ಷೆಯನ್ನು ಮಾಡಿ ನೋಡಿದೆ. ಪಕ್ಕದ ಎರಡು ಕ್ಯಾನುಗಳು ತುಂಬಿದ್ದಾಗ ಗಾಡಿ ಹೇಳಿದ ಮಾತು ಕೇಳಿತು. ಅವೇ ಅರ್ಧ ತುಂಬಿದ್ದಾಗ ನೀರು ಒಳಗೆ ಹೊಯ್ದಾಡಿ, ತಿದ್ದಿದಷ್ಟೂ ತಪ್ಪಿಸಿತು. ಸೀಟಿನ ಮೇಲೆ ಅರ್ಧ ತುಂಬಿದ ಕ್ಯಾನು ಕಟ್ಟಿದಾಗ ನಾನು ಪೂರ್ತಿ ದಾಟಿದ್ದೇ ಅಪರೂಪ. ಗೋಲ್ಡ್ ವಿಂಗಿನವರು ಟ್ಯಾಂಕನ್ನು ಏಕೆ ಕೆಳಗಿಳಿಸಿದರೆಂದು ನನ್ನ ಮೊಣಕಾಲಿಗೆ ಅಂದು ತಿಳಿಯಿತು.

ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ಸಾವಧಾನವಾಗಿ ಕೇಳಿ, “ಎತ್ತಿನ ಗಾಡಿಗೆ ಹೇರು ಹಾಕುವಾಗ ಮೂಕಿ ಭಾರವಾಗಬಾರದು, ಹಗುರವೂ ಆಗಬಾರದು, ಹೇರು ಅಲುಗಬಾರದು ಅಂತ ನಮ್ಮಪ್ಪ ನನಗೆ ಹೊಡೆದು ಕಲಿಸಿದ್ದ. ಮೋಟಾರು ಬಂತು ಅಂತ ಮರೆತೆ. ಅಷ್ಟು ನೆನಪು ಮಾಡೋದಕ್ಕೆ ನಿನ್ನ ಕಾಲೇಜೇ ಬೇಕಾಯ್ತು” ಎಂದು ನಕ್ಕರು. ಈಗ ಅವರು ಮತ್ತೆ ಸಂಜೆಯ ಹಾಲಿಗೆ ಹೋಗುತ್ತಾರೆ. ಮೂರನೆಯ ಕ್ಯಾನು ಮನೆಯಲ್ಲೇ ಉಳಿದಿದೆ. ಬೇಕಾದರೆ ಎರಡನೆಯ ಸಲ ಹೋಗಿಬರುತ್ತಾರೆ. ಚಪ್ಪಡಿಯ ಹತ್ತಿರ ಬಂದಾಗ ಅವರ ಬಲಗಾಲು ಹಿಂದಿನ ಬ್ರೇಕಿನ ಮೇಲೆಯೂ ಕಣ್ಣು ಓಣಿಯ ಒಳಗೂ ಇರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.

ನಮ್ಮೂರ ರಸ್ತೆಗಳಲ್ಲಿ ಹಾಲು, ಹುಲ್ಲು, ತರಕಾರಿ, ಗ್ಯಾಸಿನ ಸಿಲಿಂಡರು ಹೇರಿಕೊಂಡು ಹೋಗುವ ದ್ವಿಚಕ್ರಿಗಳೆಲ್ಲರೂ ಭಾರದ ಗಾಡಿಯ ಸವಾರರೇ. ಅವರಿಗೆ ಹಿಮ್ಮುಖದ ಗೇರಿಲ್ಲ, ಮಲಗಿಸಿದ ಎಂಜಿನ್ನಿಲ್ಲ. ಭಾರವನ್ನು ಕೆಳಗೆ, ಅಲುಗದಂತೆ, ಎರಡು ಪಕ್ಕಕ್ಕೂ ಸಮನಾಗಿ ಕಟ್ಟುವುದು, ಕ್ಲಚ್ಚು ಮತ್ತು ಹಿಂದಿನ ಬ್ರೇಕಿನಿಂದ ಮೆಲ್ಲನೆ ನಡೆಸುವುದು, ಇವೆರಡಕ್ಕೆ ಮಾತ್ರ ಹಣ ಬೇಕಾಗಿಲ್ಲ. ಮುಂದಿನ ಕ್ರೀಡಾದಿನದಂದು ನಿಧಾನ ಸೈಕಲ್ ಸ್ಪರ್ಧೆ ಬಂದಾಗ ಸಹಪಾಠಿಗಳು ನಗುವುದರ ಜೊತೆಗೆ ಗೆದ್ದವನ ಕೈಗಳನ್ನೂ ಸ್ವಲ್ಪ ಗಮನಿಸಬೇಕೆಂದು ನನ್ನ ವಿನಂತಿ.